ಮದ್ಯದ ಮಿತಿ ಇಳಿಸಿ ಎಂದು ಅರ್ಜಿ ಬರೆಯುವ ಬಗೆ

ಕಲಬುರಗಿಯಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಕಳೆದ ತಿಂಗಳು ಹುಮನಾಬಾದ್ ರಸ್ತೆ ಕಡೆಯ ನಾಲ್ವರು ಬಂದು, "ಚಾಲಕರಿಗೆ ಮದ್ಯದ ಮಿತಿಯನ್ನು ಸೊನ್ನೆಗೆ ಇಳಿಸಬೇಕು, ಶಾಸಕರಿಗೆ ಬರೆಯಿರಿ ಸಾಹೇಬರೇ" ಎಂದರು. ಮೊದಲ ತಪ್ಪೇ ಅದು. ಮಿತಿ ಇರುವುದು 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ. ಅದನ್ನು ರೂಪಿಸಿದ್ದು ಸಂಸತ್ತು. ಆದ್ದರಿಂದ ಕೇಂದ್ರ ಸಾರಿಗೆ ಸಚಿವರ ಹೆಸರಿಗೆ ಬರೆದು, ಅದರ ಒಂದು ನಕಲನ್ನು ನಿಮ್ಮ ಸಂಸದರಿಗೆ ಕೊಡಿ.

ಮೊದಲ ಸಾಲಿನಲ್ಲೇ ಈಗಿನ ಮಿತಿ ಹೇಳಿ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅದನ್ನು ಮೀರಿ ಸಿಕ್ಕಿಬಿದ್ದರೆ ಮೊದಲ ಸಲ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

"ವಿದೇಶದಲ್ಲಿ ಎಷ್ಟು ಕಟ್ಟುನಿಟ್ಟು ನೋಡಿ" ಎಂದು ಮಾತ್ರ ಬರೆಯಬೇಡಿ. ಇಂಗ್ಲೆಂಡಿನ ಮಿತಿ 80. ಸ್ಕಾಟ್ಲೆಂಡ್ 2014ರಲ್ಲಿ ಇಳಿಸಿದ್ದೂ 50ಕ್ಕೆ. ನಮ್ಮದೇ ಕಡಿಮೆ! ಓದುವ ಅಧಿಕಾರಿ ನಕ್ಕು ಅರ್ಜಿಯನ್ನು ಬದಿಗಿಡುತ್ತಾನೆ. ಹೋಲಿಕೆ ಬೇಕೇ ಬೇಕೆಂದರೆ 20 ಇರುವ ಸ್ವೀಡನ್ ಹಿಡಿಯಿರಿ.

ಎಲ್ಲರಿಗೂ ಸೊನ್ನೆ ಎನ್ನುವುದಕ್ಕಿಂತ ಶಾಲಾ ಬಸ್ಸು, ಲಾರಿ, ಬಾಡಿಗೆ ಜೀಪಿನ ಚಾಲಕರಿಗೆ ಸೊನ್ನೆ ಎಂದು ಕೇಳುವುದು ಮೇಲೆಂದು ನಾನು ಅವರಿಗೆ ಹೇಳಿದೆ. ತೊಗರಿ ಸುಗ್ಗಿಯಲ್ಲಿ ರಾತ್ರಿಯೆಲ್ಲ ಲಾರಿ ಓಡುವ ಊರು ನಮ್ಮದು. ಉಸಿರು ತಪಾಸಣೆ ಹೆಚ್ಚಿಸಿ ಎಂಬ ಬೇಡಿಕೆ ಬೇರೆ ಹಾಳೆಯಲ್ಲಿ ಪೊಲೀಸ್ ಕಮಿಷನರಿಗೆ ಹೋಗಲಿ. ಅದು ದೆಹಲಿಯ ಕೆಲಸವಲ್ಲ.

ಸಹಿಯ ಪಕ್ಕ ಊರು, ದಿನಾಂಕ ಬರೆಯಿರಿ. ಸ್ಪೀಡ್ ಪೋಸ್ಟ್ ರಸೀದಿಯನ್ನು ಜೋಪಾನವಾಗಿಡಿ.