ಕೈ ಊರದೆ ಏಳ್ರಿ, ಕಾಕಾ

ಬಾಗಲಕೋಟೆಯ ನವನಗರದಲ್ಲಿ ನಾನು ಫಿಸಿಯೋಥೆರಪಿ ಮಾಡುತ್ತೇನೆ. ಬರುವ ಹಿರಿಯರಲ್ಲಿ ರೈತರೇ ಜಾಸ್ತಿ. ಮೊದಲು ಎಲ್ಲರಿಗೂ ಒಂದೇ ಪರೀಕ್ಷೆ: ಎರಡೂ ಕೈ ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದವರಿಗಾಗಿ 2019ರಲ್ಲಿ ಒಪ್ಪಿಕೊಂಡ ಅಳತೆಯಂತೆ, ಇದಕ್ಕೆ 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಇಳಿದಿರಬಹುದು, ಎಚ್ಚರ ಬೇಕು.

ಎಪ್ಪತ್ತು ದಾಟಿದ ಒಬ್ಬ ಕಾಕಾ ನಕ್ಕರು. "ದಿನಾ ಹೊಲದಾಗ ಅಡ್ಡಾಡ್ತೀನ್ರಿ, ನನಗ್ಯಾಕ ಇದೆಲ್ಲಾ?" ಮೂರನೇ ಸಲಕ್ಕೆ ಕೈ ತಾನಾಗಿಯೇ ಮೊಣಕಾಲಿಗೆ ಹೋಯಿತು. ಅರ್ಧಕ್ಕೆ ಎದ್ದವರು ಧಪ್ಪನೆ ಕೂತರು.

ನಡಿಗೆ ಒಳ್ಳೆಯದೇ, ಆದರೆ ಸಾಲದು. ವಯಸ್ಸಾದಂತೆ ಬೆನ್ನುಹುರಿಯಲ್ಲಿ ಸ್ನಾಯು ನಡೆಸುವ ನರಕೋಶಗಳು ಕಡಿಮೆಯಾಗುತ್ತವೆ. ಒಂದು ನರ ಹೋದರೆ ಅದರ ಕೈಕೆಳಗಿದ್ದ ಸ್ನಾಯು ಎಳೆಗಳು ಅನಾಥ. ಪಕ್ಕದ ನರ ಕವಲೊಡೆದು ಕೆಲವನ್ನು ದತ್ತು ತಗೊಳ್ಳುತ್ತದೆ, ಉಳಿದವು ಸೊರಗುತ್ತವೆ. ಚುರುಕಾಗಿ ಬಿಗಿಯುವ ಎಳೆಗಳಿಗೇ ಏಟು ಜಾಸ್ತಿ. ಎಡವಿದಾಗ ತಟ್ಟನೆ ಕಾಲೂರಲು ಬೇಕಾದದ್ದು ಅವೇ ಅಲ್ವಾ? ನಿಧಾನದ ನಡಿಗೆಯಲ್ಲಿ ಅವಕ್ಕೆ ಹೆಚ್ಚು ಕೆಲಸವಿಲ್ಲ. ಸ್ನಾಯು ಕರಗುವುದಕ್ಕಿಂತ ಬೇಗ ಶಕ್ತಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ಗೋಡೆಗೆ ತಾಗಿಸಿದ ಕುರ್ಚಿಯ ಮೇಲೆ ಕೌದಿ ನಾಲ್ಕು ಮಡಿಕೆ ಹಾಕಿ ಎತ್ತರ ಮಾಡಿದೆ. ಏಳುವಾಗ ಚುರುಕು, ಇಳಿಯುವಾಗ ನಿಧಾನ, ಉಸಿರು ಮಾತ್ರ ಬಿಗಿಹಿಡಿಯಬಾರದು. ಸಲೀಸಾದಂತೆ ಕೌದಿಯ ಮಡಿಕೆ ಬಿಚ್ಚುತ್ತಾ ಹೋದೆವು. ಕೊನೆಗೆ ಬರೀ ಕುರ್ಚಿ, ಆಮೇಲೆ ಎದೆಗವಚಿಕೊಂಡ ಜೋಳದ ಚೀಲ. ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವು ಬೇಕೇ ಬೇಕು.

ಸ್ವಲ್ಪ ದಿನಕ್ಕೇ ಕಾಕಾ ಸರಾಗ ಏಳತೊಡಗಿದರು. ಟೇಪು ಹಿಡಿದರೆ ತೊಡೆಯ ಸುತ್ತಳತೆ ಮಾತ್ರ ಮೊದಲಿನಷ್ಟೇ! ಮೊದಮೊದಲು ಹೀಗೇ. ಆರಂಭದಲ್ಲಿ ಬರುವ ಶಕ್ತಿ ಬಹುಪಾಲು ನರಗಳದ್ದು: ಇರುವ ಎಳೆಗಳನ್ನೇ ಜಾಸ್ತಿ ಸಂಖ್ಯೆಯಲ್ಲಿ, ಬೇಗ ಬೇಗ ಎಬ್ಬಿಸಲು ಅವು ಕಲಿಯುತ್ತವೆ. ಮಾಂಸ ತುಂಬಲು ತಿಂಗಳುಗಳೇ ಬೇಕು.

ಊಟದ ಮಾತಿಗೆ ಕಾಕಾರ ಮನೆಯಲ್ಲಿ ಆಯಿ ಜೊತೆ ಸಣ್ಣ ಜಗಳವೇ ಆಯಿತು. ರೊಟ್ಟಿ, ಖಾರಬ್ಯಾಳಿ ರುಚಿಯೇನೋ ಹೌದು. ಆದರೆ ಈ ವಯಸ್ಸಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಮಡಕಿಕಾಳು ಪಲ್ಯ, ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಜಾಸ್ತಿ ಮಾಡಿಸಿದೆ. ಮೊಟ್ಟೆಗೆ ಆಯಿ ಒಪ್ಪಲಿಲ್ಲ, ಬಿಟ್ಟೆ. ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಒಂದೇ ಕಡೆ ಕೈಕಾಲು ದಿಢೀರನೆ ಸೋತರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.