ಇನಿಷಿಯಲ್ ಬಿಡಿಸಿ ಬರೆಯುವ ಕೆಲಸ

ಅಮೆರಿಕದ ಕ್ಲಿನಿಕ್‌ಗಳ ಬಾಕಿ ಬಿಲ್‌ಗಳನ್ನು ಬೆಂಗಳೂರಿನಿಂದ ಬೆನ್ನುಹತ್ತುವ ತಂಡದಲ್ಲಿ ನಾನು ಎರಡು ವರ್ಷ ಇದ್ದೆ. ವಿಮಾ ಕಂಪನಿಗಳು ಬಿಲ್ ನಿರಾಕರಿಸುವಾಗ ಹಾಕುವ ಕೋಡ್‌ಗಳಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಬಿ7. ಸೇವೆ ನೀಡಿದ ದಿನ ಆ ವೈದ್ಯರಿಗೆ ಅದಕ್ಕೆ ಹಣ ಪಡೆಯುವ ಅರ್ಹತೆ ಇರಲಿಲ್ಲ ಎಂದು ಅದರ ಅರ್ಥ. ರೋಗಿ ಬಂದಿದ್ದಾರೆ, ವೈದ್ಯರು ನೋಡಿದ್ದಾರೆ, ಔಷಧಿ ಬರೆದಿದ್ದಾರೆ. ಆದರೆ ವಿಮಾ ಕಂಪನಿಯ ಕಡತದಲ್ಲಿ ಆ ವೈದ್ಯರು ಇನ್ನೂ ಹುಟ್ಟಿಯೇ ಇಲ್ಲ. ಎಷ್ಟು ಕರೆ ಮಾಡಿದರೂ ಅದನ್ನು ವಸೂಲಿಯ ಮೇಜಿನಿಂದ ಸರಿಪಡಿಸಲು ಆಗುತ್ತಿರಲಿಲ್ಲ. ತಪ್ಪು ಹುಟ್ಟುವ ಜಾಗಕ್ಕೇ ಹೋಗಬೇಕೆಂದು, ವೈದ್ಯರನ್ನು ವಿಮಾ ಕಂಪನಿಗಳಲ್ಲಿ ನೋಂದಾಯಿಸುವ ಕ್ರೆಡೆನ್ಷಿಯಲಿಂಗ್ ವಿಭಾಗಕ್ಕೆ ವರ್ಗ ಕೇಳಿದೆ.

ಅಮೆರಿಕದಲ್ಲಿ ಪದವಿ ಮತ್ತು ರಾಜ್ಯದ ಪರವಾನಗಿ ಇದ್ದ ಮಾತ್ರಕ್ಕೆ ವೈದ್ಯರಿಗೆ ವಿಮೆಯ ಹಣ ಬರುವುದಿಲ್ಲ. ಪ್ರತಿ ವಿಮಾ ಕಂಪನಿಯೂ ಅವರ ಓದು, ಪರವಾನಗಿ, ಹಳೆಯ ಮೊಕದ್ದಮೆಗಳು ಎಲ್ಲವನ್ನೂ ಮೂಲದಿಂದಲೇ ಪರಿಶೀಲಿಸುತ್ತದೆ. ಆಮೇಲೆ ಒಪ್ಪಂದಕ್ಕೆ ಜೋಡಿಸಿ ಒಂದು ಜಾರಿ ದಿನಾಂಕ ಕೊಡುತ್ತದೆ. ಇದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ.

ನನಗೆ ಮೊದಲು ಬಂದ ಕಡತ ಟೆಕ್ಸಾಸ್‌ನ ಒಂದು ಸಣ್ಣ ಕ್ಲಿನಿಕ್ಕಿನದು. ಅಲ್ಲಿಗೆ ಸೇರಲಿದ್ದ ವೈದ್ಯೆ ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರು. ರೆಸಿಡೆನ್ಸಿ ಎಂಬ ಮೂರು ವರ್ಷದ ಆಸ್ಪತ್ರೆ ತರಬೇತಿ ಜೂನ್ 30ಕ್ಕೆ ಮುಗಿದು, ಜುಲೈ ಮೊದಲ ವಾರ ಅವರು ಕೆಲಸಕ್ಕೆ ಬರಬೇಕಿತ್ತು. ಕ್ಲಿನಿಕ್ ನಮಗೆ ತಿಳಿಸಿದ್ದು ಏಪ್ರಿಲ್ ಕೊನೆಗೆ. ಫೆಬ್ರವರಿಯಲ್ಲೇ ಬರಬೇಕಿದ್ದ ಕಡತ ಅದು.

ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಬ್ಬರಲ್ಲ, ನಾಲ್ವರು ವೈದ್ಯೆಯರು ಕಾಣಿಸಿದರು. ಪದವಿ ಪತ್ರದಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು, ಮೊದಲು ಊರು, ನಂತರ ತಂದೆ, ಕೊನೆಗೆ ಅವರ ಹೆಸರು. ವಿದೇಶಿ ವೈದ್ಯ ಪದವೀಧರರಿಗೆ ಇಸಿಎಫ್‌ಎಂಜಿ ಕೊಡುವ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಕೊನೆಗೆ ಹೋಗಿತ್ತು. ಮದುವೆಯ ನಂತರ ಮಾಡಿಸಿದ, ಅಮೆರಿಕ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಪತಿಯ ಹೆಸರು ಸೇರಿತ್ತು. ನಮ್ಮ ಕಡೆ ಇದರಲ್ಲಿ ಏನೂ ವಿಚಿತ್ರವಿಲ್ಲ. ನನ್ನ ತಾಯಿಯ ರೇಷನ್ ಕಾರ್ಡಿನಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ಇರುವುದೂ ಹೀಗೆಯೇ. ಆದರೆ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಖಾನೆಗಳಿರುವ ಕಂಪ್ಯೂಟರಿಗೆ ಊರು ಮೊದಲು ಬಂದರೆ ಊರೇ ವೈದ್ಯೆಯ ಹೆಸರಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಖಾನೆ ತುಂಬಿದವರ ಅಮೆರಿಕದ ವೀಸಾದ ಮೇಲೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿಯದು ಎಂದು ಅಚ್ಚಾಗಿ ಬರುವುದನ್ನೂ ಈ ಕೆಲಸದಲ್ಲಿ ನೋಡಿದ್ದೇನೆ.

ಅವರಿಗೆ ಫೋನ್ ಮಾಡಿ, ‘ಮೇಡಂ, ನಿಮ್ಮ ಇನಿಷಿಯಲ್ ಎರಡನ್ನೂ ಬಿಡಿಸಿ ಹೇಳುತ್ತೀರಾ?’ ಎಂದು ಕನ್ನಡದಲ್ಲೇ ಕೇಳಿದೆ. ಅರ್ಧ ಗಂಟೆ ಮಾತನಾಡಿದೆವು. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವ ಹೆಸರನ್ನೇ ಆಧಾರವಾಗಿ ಹಿಡಿಯುವುದೆಂದು ತೀರ್ಮಾನಿಸಿದೆವು. ಮೊದಲು ರಾಜ್ಯದ ಪರವಾನಗಿಯಲ್ಲಿ ಹೆಸರು ತಿದ್ದಿಸಿದೆವು. ನಂತರ ಅಲ್ಲಿನ ವೈದ್ಯರನ್ನು ಗುರುತಿಸುವ ಹತ್ತು ಅಂಕಿಯ ಎನ್‌ಪಿಐ ಸಂಖ್ಯೆಯ ದಾಖಲೆ, ಆಮೇಲೆ ಬಹುತೇಕ ಕಂಪನಿಗಳು ವೈದ್ಯರ ವಿವರ ತೆಗೆದುಕೊಳ್ಳುವ ಸಿಎಕ್ಯುಎಚ್ ಪೋರ್ಟಲ್. ಹಳೆಯ ಹೆಸರುಗಳನ್ನು ‘ಇತರ ಹೆಸರು’ ಎಂಬ ಖಾನೆಯಲ್ಲಿ ತಪ್ಪದೆ ಬರೆದೆ. ಅದಿಲ್ಲದಿದ್ದರೆ ಪದವಿಯನ್ನು ಪರಿಶೀಲಿಸುವವರಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಇಷ್ಟಕ್ಕೇ ಎರಡೂವರೆ ವಾರ ಹೋಯಿತು. ಮೇಲಿನವರು ಅರ್ಜಿ ಇನ್ನೂ ಏಕೆ ಕಳುಹಿಸಿಲ್ಲ ಎಂದು ದಿನವೂ ಕೇಳುತ್ತಿದ್ದರು. ನಾನು ಕಳುಹಿಸಲಿಲ್ಲ, ಇಂದಿಗೂ ಅದು ಸರಿಯೆಂದೇ ನನ್ನ ನಂಬಿಕೆ.

ಇಂಟರ್ನ್‌ಶಿಪ್ ಮತ್ತು ರೆಸಿಡೆನ್ಸಿಯ ನಡುವೆ ಒಂದು ವರ್ಷ ನಾಲ್ಕು ತಿಂಗಳ ಬಿಡುವಿತ್ತು. ಅವರು ಅಮೆರಿಕದ ವೈದ್ಯಕೀಯ ಪರವಾನಗಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಗೆ ಮನೆಯಲ್ಲಿ ಕುಳಿತು ಓದಿದ ಕಾಲ ಅದು. ವಿಮಾ ಯೋಜನೆಗಳ ಗುಣಮಟ್ಟ ಅಳೆಯುವ ಎನ್‌ಸಿಕ್ಯುಎ ಸಂಸ್ಥೆಯ ಮಾನದಂಡದಂತೆ ಹಿಂದಿನ ಐದು ವರ್ಷಗಳ ಕೆಲಸದ ಚರಿತ್ರೆಯಲ್ಲಿ ಆರು ತಿಂಗಳು ಮೀರಿದ ಬಿಡುವಿಗೆ ವಿವರಣೆ ಬೇಕು, ಒಂದು ವರ್ಷ ಮೀರಿದರೆ ಲಿಖಿತವಾಗಿಯೇ ಬೇಕು. ತಿಂಗಳು, ವರ್ಷ ಸಹಿತ ಎರಡು ಸಾಲು ಬರೆಸಿ ಲಗತ್ತಿಸಿದೆ. ಕೇಳುವವರೆಗೆ ಕಾದಿದ್ದರೆ ಒಂದು ತಿಂಗಳು ಹೋಗುತ್ತಿತ್ತು.

ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್‌ನ ದಾರಿ ಬೇರೆ. ಪೆಕೋಸ್ ಎಂಬ ಸರ್ಕಾರಿ ತಾಣದಲ್ಲಿ ಅರ್ಜಿ ಹಾಕಬೇಕು. ಕೆಲಸ ಆರಂಭಿಸುವ 60 ದಿನ ಮೊದಲೇ ಹಾಕಬಹುದು. ಅವರು ಮಾಹಿತಿ ಕೇಳಿದರೆ 30 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಿ ಸಲ್ಲಿಸಿದ ದಿನಾಂಕವೂ ಕೈತಪ್ಪುತ್ತದೆ. ನಮ್ಮನ್ನು ಕೇಳಿದ್ದು ಕ್ಲಿನಿಕ್ಕಿನ ಹೆಸರಿನ ಕೊನೆಯಲ್ಲಿ ಬಿಟ್ಟುಹೋಗಿದ್ದ, ಸಂಸ್ಥೆಯ ಕಾನೂನು ಸ್ವರೂಪವನ್ನು ಸೂಚಿಸುವ ‘ಪಿಎಲ್‌ಎಲ್‌ಸಿ’ ಎಂಬ ಅಕ್ಷರಗಳ ಬಗ್ಗೆ. ತೆರಿಗೆ ಇಲಾಖೆ ಕ್ಲಿನಿಕ್ಕಿಗೆ ಕೊಟ್ಟಿದ್ದ, ಪೂರ್ಣ ಹೆಸರಿರುವ ಸಿಪಿ 575 ಪತ್ರವನ್ನು ಹುಡುಕಿಸಿ ಮರುದಿನವೇ ಕಳುಹಿಸಿದೆ.

ಉಳಿದದ್ದು ಕಾಯುವ ಕೆಲಸ. ಬೇಸಿಗೆಯಲ್ಲಿ ಟೆಕ್ಸಾಸ್‌ನ ಬೆಳಿಗ್ಗೆ ಎಂಟು ನಮ್ಮ ಸಂಜೆ ಆರೂವರೆ. ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕರೆ ಮಾಡುತ್ತಿದ್ದೆ. ಪ್ರತಿ ಕರೆಯ ದಿನ, ಮಾತನಾಡಿದವರ ಹೆಸರು, ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತಿದ್ದೆ.

ಇಷ್ಟೆಲ್ಲ ಎಚ್ಚರ ವಹಿಸಿದ ನಾನೇ ಕೊನೆಯಲ್ಲಿ ತಪ್ಪು ಮಾಡಿದೆ. ಆಗಸ್ಟ್ ಮೊದಲ ವಾರ ಒಂದು ವಿಮಾ ಕಂಪನಿಯ ತಾಣದಲ್ಲಿ ‘ಅನುಮೋದಿಸಲಾಗಿದೆ’ ಎಂದು ಕಂಡಿತು. ಸಂತೋಷದಿಂದ ಕ್ಲಿನಿಕ್ಕಿಗೆ ಅದೇ ಮಾತನ್ನು ಬರೆದೆ. ಸೋಮವಾರದಿಂದಲೇ ಅವರು ಆ ಕಂಪನಿಯ ರೋಗಿಗಳನ್ನು ಹೊಸ ವೈದ್ಯೆಗೆ ಕೊಟ್ಟರು. ಅನುಮೋದಿಸಿದ್ದು ಪರಿಶೀಲನಾ ಸಮಿತಿ ಮಾತ್ರ. ಒಪ್ಪಂದ ಜಾರಿಯಾಗುವುದು ಸೆಪ್ಟೆಂಬರ್ 1ರಿಂದ ಎಂಬ ಪತ್ರ ಎರಡು ವಾರದ ನಂತರ ಬಂತು. ಅಷ್ಟರಲ್ಲಿ 41 ಭೇಟಿಗಳು ಮುಗಿದಿದ್ದವು. ಎಲ್ಲವೂ ಬಿ7 ಆಗಿ ತಿರುಗಿ ಬಂದವು. ರೋಗಿಗಳಿಂದ ಕೇಳುವಂತೆಯೂ ಇರಲಿಲ್ಲ, ಕ್ಲಿನಿಕ್ ಆ ಹಣವನ್ನು ಬಿಟ್ಟುಬಿಟ್ಟಿತು. ಮೆಡಿಕೇರ್‌ನಲ್ಲಾದರೆ ಜಾರಿ ದಿನಾಂಕಕ್ಕಿಂತ 30 ದಿನ ಹಿಂದಿನ ಸೇವೆಗೂ ಬಿಲ್ ಮಾಡಲು ಅವಕಾಶವಿರುತ್ತದೆ, ಈ ಕಂಪನಿಯಲ್ಲಿ ಇರಲಿಲ್ಲ. ತಪ್ಪು ನನ್ನದೆಂದು ಕ್ಲಿನಿಕ್ಕಿನ ಒಡತಿಗೆ ಬರೆದೆ. ‘ಇನ್ನು ಮುಂದೆ ಅನುಮೋದನೆಯ ಸುದ್ದಿ ಬೇಡ, ದಿನಾಂಕ ಕಳುಹಿಸಿ’ ಎಂದು ಒಂದೇ ಸಾಲಿನ ಉತ್ತರ ಬಂತು. ಆ ಸಾಲನ್ನು ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ.

ನಂತರ ಓದುವಾಗ ಇನ್ನೊಂದು ವಿಷಯ ತಿಳಿದು ಹೊಟ್ಟೆ ಉರಿಯಿತು. ಈಗಾಗಲೇ ಒಪ್ಪಂದವಿರುವ ವೈದ್ಯ ಸಮೂಹಕ್ಕೆ ಹೊಸ ವೈದ್ಯರು ಸೇರಿದಾಗ, ಪರಿಶೀಲನೆ ಮುಗಿಯುವ ಮೊದಲೇ ಪಾವತಿಯ ಮಟ್ಟಿಗೆ ಅವರನ್ನು ವಿಮಾ ಕಂಪನಿಯ ಒಪ್ಪಂದದ ಜಾಲದೊಳಗಿನವರೆಂದು ಪರಿಗಣಿಸುವ ತ್ವರಿತ ವ್ಯವಸ್ಥೆ ಟೆಕ್ಸಾಸ್ ವಿಮಾ ಸಂಹಿತೆಯ 1452ನೇ ಅಧ್ಯಾಯದಲ್ಲಿದೆ. ಎಲ್ಲ ಯೋಜನೆಗಳಿಗೂ ಅದು ಅನ್ವಯಿಸುವುದಿಲ್ಲ, ಆದರೂ ನಾನು ಕೇಳಿಯೇ ಇರಲಿಲ್ಲ.

ಮುಂದಿನ ವರ್ಷ ಅದೇ ಕ್ಲಿನಿಕ್ಕಿಗೆ ಇನ್ನೊಬ್ಬ ವೈದ್ಯರು ಸೇರುವ ಸುದ್ದಿ ಜನವರಿಯಲ್ಲೇ ಬಂತು. ತ್ವರಿತ ಪರಿಗಣನೆಯ ಕೋರಿಕೆಯನ್ನು ಮೊದಲ ಪತ್ರದಲ್ಲೇ ಬರೆದೆ. ಸಿಎಕ್ಯುಎಚ್‌ನಲ್ಲಿ ಪ್ರತಿ 120 ದಿನಕ್ಕೊಮ್ಮೆ ಮಾಡಬೇಕಾದ ವಿವರಗಳ ಮರುದೃಢೀಕರಣಕ್ಕೆ ಇಬ್ಬರದ್ದೂ ಒಂದೇ ದಿನ ಬರುವಂತೆ ಹೊಂದಿಸಿದೆ. ಕ್ಲಿನಿಕ್ಕಿಗೆ ಈಗ ನಾನು ಕಳುಹಿಸುವ ಹಾಳೆಯಲ್ಲಿ ಕಂಪನಿಯ ಹೆಸರಿನ ಎದುರು ಒಂದೇ ಖಾನೆಯಿದೆ, ಜಾರಿ ದಿನಾಂಕದ್ದು. ಪತ್ರ ಕೈಗೆ ಬರುವವರೆಗೆ ಅದು ಖಾಲಿಯಾಗಿಯೇ ಇರುತ್ತದೆ.