ಎಂ.ಲಿಬ್ ಎಲ್ಲಿ ಮಾಡಬೇಕು: ನಾನೇ ಹಾಕಿದ ರ‍್ಯಾಂಕ್ ಪಟ್ಟಿ

ಕಾಲೇಜು, ವಿಶ್ವವಿದ್ಯಾಲಯಗಳನ್ನು ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡ್ ನೋಡಿ ಹುಡುಗರನ್ನು ಲೈಬ್ರರಿ ಸೈನ್ಸಿನ ಮಾಸ್ಟರ್ ಡಿಗ್ರಿ ಎಂ.ಲಿಬ್‌ಗೆ ಕಳಿಸುವುದನ್ನು ನಾನು ಬಿಟ್ಟು ನಾಲ್ಕೈದು ವರ್ಷ ಆಯಿತು. ಈಗ ಚಿಕ್ಕಮಗಳೂರಿನಲ್ಲಿ ಡಿಗ್ರಿ ಮುಗಿಸಿದವರು ನನ್ನ ಪಟ್ಟಿ ಕೇಳಿಕೊಂಡು ಬರುತ್ತಾರೆ. "ನೀನೇನು ಯುಜಿಸಿನಾ?" ಅಂತ ಕಿಚಾಯಿಸುತ್ತಿದ್ದ ಲೈಬ್ರರಿಯನ್ ಮಿತ್ರರೂ ವಾಟ್ಸಾಪ್‌ನಲ್ಲಿ ಸುಮ್ನೆ ತರಿಸಿಕೊಳ್ಳುತ್ತಾರೆ.

ನ್ಯಾಕ್‌ನಲ್ಲಿ 4ಕ್ಕೆ 3.51 ಮುಟ್ಟಿದರೆ ಎ ಪ್ಲಸ್ ಪ್ಲಸ್ ಸಿಗುತ್ತಿತ್ತು. ಆದರೆ ಅದು ಇಡೀ ವಿಶ್ವವಿದ್ಯಾಲಯದ ಅಂಕ. ಕೆಮಿಸ್ಟ್ರಿಯವರು ದುಡಿದದ್ದರಲ್ಲಿ ನಮ್ಮ ಲೈಬ್ರರಿ ಸೈನ್ಸ್ ವಿಭಾಗಕ್ಕೂ ಪಾಲು! 2016ರಿಂದ ಬರುತ್ತಿರುವ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ನಲ್ಲಿ ಇಂಜಿನಿಯರಿಂಗ್, ಕಾನೂನು, ಫಾರ್ಮಸಿಗೆ ಬೇರೆ ಪಟ್ಟಿ ಇದೆ, ನಮಗಿಲ್ಲ.

ಹಾಗಾಗಿ ಮೊದಲು ಅಮೆರಿಕದ ದಾರಿ ಹಿಡಿದೆ. ಅಲ್ಲಿ ಎಎಲ್‌ಎ (ಅಮೆರಿಕನ್ ಲೈಬ್ರರಿ ಅಸೋಸಿಯೇಷನ್) ಕೋರ್ಸಿಗೆ ಮಾನ್ಯತೆ ಕೊಡುತ್ತದೆ, ರ‍್ಯಾಂಕ್ ಕೊಡಲ್ಲ. ರ‍್ಯಾಂಕ್ ಹಾಕುವುದು ಯುಎಸ್ ನ್ಯೂಸ್ ಅನ್ನುವ ಮಾಧ್ಯಮ ಸಂಸ್ಥೆ. ಡೀನ್‌ಗಳು, ಹಿರಿಯ ಮೇಷ್ಟ್ರುಗಳು ಒಬ್ಬರ ಕೋರ್ಸಿಗೆ ಇನ್ನೊಬ್ಬರು 1ರಿಂದ 5ರವರೆಗೆ ಅಂಕ ಹಾಕುತ್ತಾರೆ, ಅಷ್ಟೇ. ನಾನೂ ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಕಡೆಯ ಲೈಬ್ರರಿಯನ್‌ಗಳಿಗೆ ಫಾರಂ ಕಳಿಸಿದೆ. ಜೆರಾಕ್ಸು, ಅಂಚೆ, ಬಸ್ಸು ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ಬಂದ ಉತ್ತರ ನೋಡಬೇಕಿತ್ತು! ಎಲ್ಲರೂ ತಾವು ಓದಿದ ಕಡೆಗೆ 5, ಉಳಿದದ್ದಕ್ಕೆಲ್ಲ 3.

ಆಮೇಲೆ ಮೇಷ್ಟ್ರಾಗುವ ಅರ್ಹತೆಯ ಪರೀಕ್ಷೆ ನೆಟ್, ಕೆಸೆಟ್ ಪಾಸಾದವರನ್ನು ಎಣಿಸಿದೆ. ಅದೂ ನಿಲ್ಲಲಿಲ್ಲ. ಅರ್ಧ ಜನ ಕೋರ್ಸ್ ಮುಗಿಸಿ ಧಾರವಾಡದಲ್ಲಿ ಕೋಚಿಂಗ್‌ಗೆ ಕೂತು ಪಾಸಾದವರು. ಆ ಅಂಕ ವಿಭಾಗಕ್ಕೆ ಹೇಗೆ ಕೊಡುವುದು?

ಕೊನೆಗೆ ಕೈಹಿಡಿದದ್ದು ಫೋನು. ಮುಗಿಸಿ ಮೂರು ವರ್ಷ ಆದವರನ್ನೇ ಹುಡುಕಿದೆ. ಒಂದೊಂದು ವಿಭಾಗಕ್ಕೆ ಹತ್ತು ಹನ್ನೆರಡು ಮಂದಿ. ಖಾಯಂ ಮೇಷ್ಟ್ರು ಎಷ್ಟು ಜನ ನಿಜವಾಗಿ ಪಾಠ ಮಾಡಿದರು? ಲೈಬ್ರರಿ ನಡೆಸುವ ಸಾಫ್ಟ್‌ವೇರ್ ಕೋಹಾವನ್ನು ನೀವೇ ಇನ್‌ಸ್ಟಾಲ್ ಮಾಡಿದ್ರಾ, ಪರದೆ ಮೇಲೆ ನೋಡಿದ್ರಾ? ಈಗ ಎಲ್ಲಿದ್ದೀರಿ? ಇನ್ನೊಂದು ಪ್ರಶ್ನೆ ಇದೆ, ಅದಕ್ಕೇ ಅಂಕ ಜಾಸ್ತಿ. ಅದನ್ನು ಇಲ್ಲಿ ಹೇಳಲ್ಲ. ನಂಬರ್ ಹೇಗೆ ಸಿಕ್ಕಿತು ಅಂತನೂ ಕೇಳಬೇಡಿ. ಪುಸ್ತಕ ಸಪ್ಲೈ ಮಾಡುವವರ ಜೊತೆ ಚೆನ್ನಾಗಿರಿ ಅಂತಷ್ಟೇ ಹೇಳುತ್ತೇನೆ. ಒಂದು ವಿಭಾಗದ ವೆಬ್‌ಸೈಟಿನಲ್ಲಿ ಆರು ಮೇಷ್ಟ್ರ ಫೋಟೊ ಇತ್ತು. ವಿಚಾರಿಸಿದರೆ ಇಬ್ಬರು ಆಗಲೇ ರಿಟೈರ್ ಆಗಿದ್ದರು.

ಮಧ್ಯೆ ಇನ್ನೊಂದು ಹುಚ್ಚು. ನಮ್ಮಲ್ಲಿ ಟ್ರೈನಿಂಗ್‌ಗೆ ಬಂದವರ ಮುಂದೆ ಪುಸ್ತಕ ಇಟ್ಟು, ಅದು ಯಾವ ವಿಷಯದ್ದು ಅಂತ ತೋರಿಸುವ ಡಿಡಿಸಿ (ಡ್ಯೂಯಿ ವರ್ಗೀಕರಣ) ನಂಬರ್ ಹಾಕಿಸಿದೆ. ಕಾಫಿ ಬೆಳೆಯ ಪುಸ್ತಕ 633.73ಕ್ಕೆ ಹೋಗಬೇಕು ಅಲ್ವಾ? ಮೂಡಿಗೆರೆಯ ತೋಟದ ಮನೆ ಹುಡುಗನೇ ಅದನ್ನು 641ಕ್ಕೆ, ಅಡುಗೆ ಪುಸ್ತಕಗಳ ಪಕ್ಕಕ್ಕೆ ಕಳಿಸಿದ! ಕನ್ನಡ ಕಾದಂಬರಿಗೆ 894.8143 ಅಂತ ಶೆಡ್ಯೂಲ್, ಅಂದರೆ ನಂಬರ್‌ಗಳ ಪುಸ್ತಕ, ತೆಗೆಯದೆ ಹೇಳಿದ ಹುಡುಗಿ ಓದಿದ ವಿಭಾಗ ನನ್ನ ಪಟ್ಟಿಯಲ್ಲಿ ಮೊದಲಿನಿಂದಲೂ ಮೇಲಿತ್ತು. ಒಬ್ಬಳಿಂದ ಏನೂ ಸಾಬೀತಾಗಲ್ಲ, ಆದರೂ ಖುಷಿಯಾಯಿತು.

ಪಟ್ಟಿ ನೋಡಿ ಹೋದವರಲ್ಲಿ ಏಳೆಂಟು ಮಂದಿ ಈಗ ಕೆಲಸದಲ್ಲಿದ್ದಾರೆ. ಒಟ್ಟು ಖರ್ಚು ಏಳು ಸಾವಿರದ ಆಸುಪಾಸು, ಎಲ್ಲ ಕೈಯಿಂದಲೇ.

ದೂರಶಿಕ್ಷಣದ ಕೋರ್ಸನ್ನು ಇದರಲ್ಲಿ ಸೇರಿಸಿಲ್ಲ. ನಾನು ಮಾತಾಡಿಸಿದವರಲ್ಲಿ ಆಗಲೇ ಕೆಲಸದಲ್ಲಿದ್ದವರೇ ಜಾಸ್ತಿ, ಅಂಕ ಪುಕ್ಕಟೆ ಏರಿಬಿಡುತ್ತದೆ. ಅವರಿಗೆ ಬೇರೆ ಪಟ್ಟಿ ಶುರು ಮಾಡಿದ್ದೇನೆ. ಸೇರುವ ಮುಂಚೆ ಸಂಬಳ ಎಷ್ಟಿತ್ತು, ಈಗೆಷ್ಟು ಅಂತ ಕೇಳುತ್ತೇನೆ. ಸದ್ಯಕ್ಕೆ ಫೋನ್ ಇಡುವವರೇ ಹೆಚ್ಚು.